ಆ ಮಾತಿಗೆ ರಸೀದಿ ಇದೆಯೇ?

(ಸ್ವಸಹಾಯ ಗುಂಪುಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಅಕ್ಕ ತಂಗಿಯರೆ,

ನಮ್ಮ ಸಂಘದಲ್ಲಿ ನಡೆದ ಒಂದು ತಪ್ಪನ್ನು ಇವತ್ತು ನಿಮ್ಮ ಮುಂದೆ ಹೇಳಬೇಕು. ಅದರಲ್ಲಿ ನನ್ನ ಪಾಲೂ ಇದೆ.

ಮದುವೆಯಾಗಿ ಒಂಬತ್ತು ವರ್ಷವಾಗಿದ್ದ ಒಬ್ಬ ತಂಗಿ ವಾರದ ಸಭೆಯಲ್ಲಿ ಅತ್ತಳು. ಸೈಟು ಕೊಳ್ಳಲು ತವರಿನಿಂದ ಹಣ ತಾ ಎಂದು ಗಂಡ ಹೊಡೆಯುತ್ತಿದ್ದ. ದೂರು ಕೊಡೋಣವೆಂದರೆ ಒಬ್ಬರು, "ಏಳು ವರ್ಷ ದಾಟಿದರೆ ಕೇಸು ನಿಲ್ಲೋದಿಲ್ಲವಂತೆ" ಎಂದರು. ಹೇಳಿದವರು ಯಾರು? ಕೋರ್ಟಿನ ಪಕ್ಕ ಅಂಗಡಿಯಿಟ್ಟ ಯಾರೋ. ನಾವೆಲ್ಲ ತಲೆಯಾಡಿಸಿದೆವು. ಆಕೆ ಕಣ್ಣೊರೆಸಿಕೊಂಡು ಮನೆಗೆ ಹೋದಳು. ಎರಡು ತಿಂಗಳಲ್ಲಿ ಕೈ ಮುರಿದುಕೊಂಡು ಆಸ್ಪತ್ರೆ ಸೇರಿದಳು.

ಆಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ವಕೀಲರು ಪುಸ್ತಕ ತೆರೆದು ಓದಿ ಹೇಳಿದರು. ಏಳು ವರ್ಷದ ಮಾತು ಇರುವುದು ವರದಕ್ಷಿಣೆ ಸಾವಿನ ಕಲಮಿನಲ್ಲಿ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ ಕಲಮಿನಲ್ಲಿ ಅದು ಇಲ್ಲವೇ ಇಲ್ಲ. ದೂರಿಗೆ ಸಾಮಾನ್ಯವಾಗಿ 3 ವರ್ಷದ ಗಡುವುಂಟು; ಅದನ್ನು ಎಣಿಸುವುದು ಹಿಂಸೆ ನಡೆದ ದಿನದಿಂದ, ಮದುವೆಯ ದಿನದಿಂದಲ್ಲ. ಸತ್ತ ಹೆಣ್ಣಿನ ಕಾಯಿದೆಯಿಂದ ಬದುಕಿರುವ ಹೆಣ್ಣನ್ನು ಅಳೆದುಬಿಟ್ಟಿದ್ದೆವು! ಆಕೆ ದೂರು ಕೊಟ್ಟಳು. ಆದರೆ ಮುರಿದ ಕೈಗೆ ನಾವು ಏನು ಉತ್ತರ ಹೇಳೋಣ?

ಹತ್ತು ರೂಪಾಯಿ ಉಳಿತಾಯಕ್ಕೆ ರಸೀದಿ ಕೇಳುವವರು ನಾವು. ಒಂದು ಜೀವದ ಮಾತಿಗೆ ರಸೀದಿ ಕೇಳಲಿಲ್ಲ.

ಇನ್ನು ಮುಂದೆ ಕೇಳೋಣ. ಯಾರು ಹೇಳಿದರು? ಯಾವ ಕಾಯಿದೆ, ಎಷ್ಟನೆಯ ಕಲಮು, ಯಾವ ವರ್ಷದ್ದು? ಕೇಳುವುದು ಅಗೌರವವಲ್ಲ. ತಿಳಿದವರ ಮಾತೂ ಹಳತಾಗುತ್ತದೆ. ನಮಗೆ ಬಾಯಿಪಾಠವಾಗಿದ್ದ 498ಎ ಕಲಮು, 2024ರ ಜುಲೈ 1ರಿಂದ ನಡೆದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80. "498ಎ ರದ್ದಾಯಿತು, ಇನ್ನು ಕೇಸೇ ಇಲ್ಲ" ಎಂದು ಯಾರಾದರೂ ಹೆದರಿಸಿದರೆ, ಅಂಕಿ ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ ಎನ್ನಿ.

ಒಬ್ಬೊಬ್ಬರಿಗೆ ಒಂದೊಂದು ಗೊತ್ತು. ಕಲಮು ವಕೀಲರಿಗೆ ಗೊತ್ತು, ಗಾಯ ಡಾಕ್ಟರಿಗೆ ಗೊತ್ತು. ಆ ಮನೆಯಲ್ಲಿ ಏನು ನಡೆಯಿತು ಎಂಬುದು ಮಾತ್ರ ಪೆಟ್ಟು ತಿಂದವಳಿಗೇ ಗೊತ್ತು. ಕಾಯಿದೆಯ ಮಾತಿಗೆ ಆಧಾರ ಕೇಳಿ. ಅವಳ ನೋವಿಗೆ ಕೇಳಬೇಡಿ, ಮೊದಲು ನಂಬಿ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ಕೇಳಿದ್ದನ್ನು ಅಲ್ಲಿ ಹೋಗಿ ಖಚಿತ ಮಾಡಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಮಾತಿನ ಪಕ್ಕ ಅದರ ಆಧಾರವನ್ನೂ ಬರೆಯಿರಿ. ಆಧಾರ ಸಿಗುವವರೆಗೆ "ಆಗೋದಿಲ್ಲ" ಎಂದು ಯಾವ ತಂಗಿಯನ್ನೂ ಮನೆಗೆ ಕಳಿಸಬೇಡಿ.