ಲಿಪಿ ಎಂಬ ಮಾತು

ಹಿರಿಯೂರು, ಹೊಳಲ್ಕೆರೆ ಎಂಬ ಹೆಸರುಗಳು ಅಚ್ಚಗನ್ನಡದವು. ಹೊಸದುರ್ಗವು ಕನ್ನಡ ಸಂಸ್ಕೃತಗಳ ಜೋಡಿ. ಆದರೆ ಇವುಗಳಿಗೆ ನಾವು ಸೇರಿಸಿ ಹೇಳುವ ‘ತಾಲ್ಲೂಕು’, ಚಿತ್ರದುರ್ಗಕ್ಕೆ ಸೇರಿಸುವ ‘ಜಿಲ್ಲೆ’ ಎರಡೂ ಅರಬ್ಬೀ ಮೂಲದವು. ಪಾರಸಿಯ ಮೂಲಕ ಕಚೇರಿಯ ಕಾಗದಗಳೊಡನೆ ಬಂದವು. ಆ ಕಾಗದಗಳ ತಲೆಯ ಮೇಲೆ ಬರೆಯುವ ‘ತಾರೀಖು’ ಇನ್ನೂ ಸ್ವಾರಸ್ಯವಾದುದು. ಚಂದ್ರ, ಮಾಸ ಎಂಬರ್ಥದ ಧಾತುವೇ ಅದಕ್ಕೆ ಮೂಲ. ಸಮುದ್ರವ್ಯಾಪಾರಿಗಳಾದ ಫಿನೀಷಿಯನರು ತಿಂಗಳೆಂಬುದನ್ನು ಯ, ರ, ಹ ಎಂಬ ಮೂರು ವ್ಯಂಜನಗಳಿಂದ ಬರೆಯುತ್ತಿದ್ದರು. ಸ್ವರಗಳನ್ನು ಬರೆಯುವ ರೂಢಿ ಅವರಲ್ಲಿರಲಿಲ್ಲ. ಬ್ಯಾಬಿಲೋನಿನವರ ‘ಅರ್ಖು’ ಅದರ ದಾಯಾದಿ. ನಮ್ಮ ‘ತಿಂಗಳು’ ಕೂಡ ಚಂದ್ರನೂ ಹೌದು, ಮಾಸವೂ ಹೌದಷ್ಟೆ.

ಸೆಮಿಟಿಕ್ ನುಡಿಗಳ ಋಣವೆಲ್ಲವೂ ಅಮಲ್ದಾರರ ಕಚೇರಿಯಿಂದಲೇ ಬಂದಿತೆಂದು ಭಾವಿಸುವವರುಂಟು. ಅವರು ಒಮ್ಮೆ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಿಬರಬೇಕು. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದರು. ಭಾಷೆ ಪ್ರಾಕೃತ, ಅಕ್ಷರ ಬ್ರಾಹ್ಮೀ. ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡನೆಂದು ತಿಳಿಸಿ, ತನ್ನ ಉದ್ಯೋಗವನ್ನು ಹೇಳುವ ‘ಲಿಪಿಕರೇಣ’ ಎಂಬ ಐದಕ್ಷರಗಳನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕಂಡರಿಸಿದ್ದಾನೆ. ಖರೋಷ್ಠಿಯು ಗಾಂಧಾರ ದೇಶದ್ದು. ಪಾರಸಿಕ ಚಕ್ರವರ್ತಿಗಳ ಕರಣಿಕರು ಬಳಸುತ್ತಿದ್ದ ಅರಾಮಿಕ್ ಅಕ್ಷರಗಳಿಂದ ಅದು ಹುಟ್ಟಿತು. ಅರಾಮಿಕ್ ಅಕ್ಷರಗಳು ಫಿನೀಷಿಯನರವುಗಳಿಂದ. ಚಪಡನು ಆ ಕಡೆಯವನೋ, ಅಲ್ಲಿ ಬರಹ ಕಲಿತವನೋ ಆಗಿರಬೇಕು. ಈ ನಾಡಿನಲ್ಲಿ ಆ ಅಕ್ಷರವನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ತನ್ನ ವಿದ್ಯೆಯನ್ನು ತೋರಿಸಿಕೊಳ್ಳುವ ಆಸೆಯ ಹೊರತು ಬೇರೆ ಕಾರಣ ನನಗೆ ತೋರದು.

ಅವನು ಆರಿಸಿಕೊಂಡ ಮಾತಾದರೂ ಯಾವುದು? ‘ಲಿಪಿ’. ಲೇಪಿಸು ಎಂಬರ್ಥದ ‘ಲಿಪ್’ ಧಾತುವಿನಿಂದ ಅದನ್ನು ಸಾಧಿಸುವುದು ನಮ್ಮ ವೈಯಾಕರಣರ ವಾಡಿಕೆ. ಅನೇಕ ವಿದ್ವಾಂಸರು ಹೇಳುವ ವಂಶಾವಳಿ ಬೇರೆ. ಮಣ್ಣಿನ ಹಲಗೆಗೆ ಸುಮೇರಿಯನರು ‘ದುಬ್’ ಎಂದರು. ಸೆಮಿಟಿಕ್ ನುಡಿಯಾದ ಅಕ್ಕಾಡಿಯನ್ನಿನಲ್ಲಿ ಅದು ‘ಟುಪ್ಪು’ ಆಯಿತು. ಏಲಮ್ ದೇಶವನ್ನು ಹಾದು, ಹಳೆಯ ಪಾರಸಿಕದಲ್ಲಿ ಬರಹವೆಂಬರ್ಥದ ‘ದಿಪಿ’ಯಾಗಿ ಭರತಖಂಡದ ಬಾಗಿಲಿಗೆ ಬಂದಿತು. ನಮ್ಮ ‘ಲಿಪ್’ ಧಾತುವಿನ ಸಾಮ್ಯವೇ ‘ದ’ಕಾರವನ್ನು ‘ಲ’ಕಾರವಾಗಿಸಿರಬೇಕು. ಪಾಣಿನಿಗೆ ‘ಲಿಪಿ’, ‘ಲಿಬಿ’ ಎರಡೂ ಗೊತ್ತು. ಪರದೇಶದ ಮಾತುಗಳನ್ನೆಲ್ಲ ಆಯ್ದು ಹೊರಹಾಕಬೇಕೆನ್ನುವ ಮಿತ್ರರು ಈ ಸಂಗತಿಯನ್ನು ಯಾವ ಲಿಪಿಯಲ್ಲಿ ಬರೆದುಕೊಳ್ಳುವರೋ ತಿಳಿಯದು.

ವಾಯವ್ಯದ ಷಹಬಾಜ್‌ಗಢಿಯ ಬಂಡೆಯಲ್ಲಿ ಅದೇ ಅಶೋಕನ ಧರ್ಮಶಾಸನಕ್ಕೆ ‘ದಿಪಿ’ ಎಂಬ ಹೆಸರೇ ಉಳಿದಿದೆ. ಅದೇ ಖರೋಷ್ಠಿಯಲ್ಲಿ ಬರೆದರೂ, ಚಪಡನು ನಮ್ಮ ಬಂಡೆಗಳ ಮೇಲೆ ಕೊರೆದದ್ದು ‘ಲ’ಕಾರವನ್ನೇ.