ಈ ಸಲದ ಎನ್‌ಎಸ್‌ಎಸ್ ಶಿಬಿರ ನಮ್ಮೂರಿಗೆ ಬರಲಿ

(ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಅವತ್ತು ಬರಲಾಗದವರು ಓದಲಿ ಅಂತ ಇಲ್ಲಿ ಹಾಕಿದ್ದೇವೆ.)



ಶಿವರಾತ್ರಿ ಮುಗೀತಂದ್ರ ಕಾಲೇಜಿನಾಗ ಓದು ಕಡಿಮಿ, ಕಾರ್ಯಕ್ರಮ ಜಾಸ್ತಿ. ವಾರ್ಷಿಕೋತ್ಸವ, ಬೀಳ್ಕೊಡುಗೆ, ರಕ್ತದಾನ ಶಿಬಿರ, ಆಮೇಲೆ ಯುಗಾದಿ. ನಿಮ್ಮಲ್ಲಿ ಕೆಲವರು ಉಸ್ಮಾನಿಯಾದಲ್ಲಿ, ಕೆಲವರು ಕಲಬುರಗಿ, ಬೀದರ್‌ನಲ್ಲಿ, ಉಳಿದವರು ಇಲ್ಲೇ ತಾಲೂಕಿನ ಡಿಗ್ರಿ ಕಾಲೇಜಿನಲ್ಲಿ ಓದ್ತೀರಿ. ನಮ್ಮ ಕಡೆ ಕಾಲೇಜಿನಲ್ಲಿ ಕನ್ನಡಕ್ಕೆ ಸಿಗೋ ಜಾಗ ಅಂದ್ರ ವೇದಿಕೆ ಮೇಲೆ ಐದು ನಿಮಿಷ. ಒಂದು ಸಿನಿಮಾ ಹಾಡು, ಹಳದಿ-ಕೆಂಪು ಶಾಲು, ಚಪ್ಪಾಳೆ, ಒಂದು ರೀಲ್ಸ್. ಬ್ಯಾಡ ಅನ್ನಲ್ಲ, ನಾನೂ ಕುಣಿದವನೇ. ಆದ್ರ ಅವತ್ತು ನನ್ನ ಕೈಗೆ ಮೈಕ್ ಕೊಟ್ಟಾಗ, ನಾಲ್ಕು ಸಾಲಿನ ಕನ್ನಡ ಸ್ವಾಗತವನ್ನು ಚೀಟಿ ಮೇಲೆ ತೆಲುಗು ಅಕ್ಷರದಲ್ಲಿ ಬರ್ಕೊಂಡಿದ್ದೆ. ಮನೆಯಲ್ಲಿ ಅವ್ವನ ಜೋಡಿ ಮಾತೆಲ್ಲ ಕನ್ನಡ, ಓದಲಿಕ್ಕೆ ಮಾತ್ರ ಒಂದಕ್ಷರ ಬರಲ್ಲ. ನಿಮ್ಮಲ್ಲಿ ಎಷ್ಟು ಮಂದಿ ಹಂಗ ಇದ್ದೀರಿ ಕೈ ಎತ್ತಿ ಅಂತ ನಾನು ಕೇಳಲ್ಲ.

ಇದು ನಿಮ್ಮ ತಪ್ಪಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ, ಬೀದರ್ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು, ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲ್, ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು. ಜಹೀರಾಬಾದ್ ತಾಲೂಕಿನೊಳಗಿನ ನಿರ್ಣಾ ಸರ್ಕಲ್ ಒಂದು ಮೈಸೂರಿಗೆ ಉಳೀತು. ಗೆರೆಯ ಆ ಕಡೆ ಹುಟ್ಟಿದ ಮಗುವಿಗೆ ಕನ್ನಡ ಪಾಟಿ, ಈ ಕಡೆ ಹುಟ್ಟಿದ ಮಗುವಿಗೆ ತೆಲುಗು ಪಾಟಿ. ಬೀಗತನ ಮಾತ್ರ ಗೆರೆ ಕೇಳಲಿಲ್ಲ. ಇವತ್ತಿಗೂ ಹೆಣ್ಣು ಕೊಡೋದು, ತರೋದು ನಡೀತಾನೇ ಅದ. 2014ರಲ್ಲಿ ರಾಜ್ಯದ ಹೆಸರು ಬದಲಾಯ್ತು, 2016ರಲ್ಲಿ ಜಿಲ್ಲೆಯ ಹೆಸರೂ ಬದಲಾಯ್ತು. ಅವ್ವನ ಮಾತು ಅದೇ.

ಕಾಲೇಜು ಹುಡುಗರು ಭಾಷೆಗೆ ಏನು ಮಾಡ್ಯಾರು ಅನ್ನೋರಿಗೆ ಒಂದು ನೆನಪು. 1952ರ ಫೆಬ್ರವರಿ 21, ಢಾಕಾ ವಿಶ್ವವಿದ್ಯಾಲಯ. ಬಂಗಾಳಿ ಪಂಚಾಂಗದಲ್ಲಿ ಅದು ಫಾಲ್ಗುಣ ಮಾಸ. ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ಬೇಕು ಅಂತ ವಿದ್ಯಾರ್ಥಿಗಳು 144ನೇ ಸೆಕ್ಷನ್ ಮುರಿದು ಹೊರಗೆ ಬಂದರು, ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಅಬುಲ್ ಬರ್ಕತ್ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1999ರಲ್ಲಿ ಯುನೆಸ್ಕೋ ಆ ದಿನವನ್ನೇ ಮಾತೃಭಾಷಾ ದಿನ ಅಂತ ಘೋಷಿಸಿತು. ನಮಗೆ ಯಾರೂ ಗುಂಡು ಹಾರಿಸ್ತಿಲ್ಲ, ಪುಣ್ಯ. ನಮ್ಮಿಂದ ಬೇಕಾಗಿರೋದು ಏಳು ದಿನ ಅಷ್ಟೇ.

ಏಳು ದಿನ ಯಾವುದು? ಎನ್‌ಎಸ್‌ಎಸ್ ವಿಶೇಷ ಶಿಬಿರ. 1969ರಿಂದ ನಡೆದು ಬಂದಿರೋ ಯೋಜನೆ ಇದು. ಸ್ವಯಂಸೇವಕರಿಗೆ ವರ್ಷಕ್ಕೆ 120 ತಾಸು ಕೆಲಸ, ಅದರ ಜೋಡಿ ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಅಲ್ಲಿ ಹೋಗಿ ಏನ್ ಮಾಡ್ತೀವಿ? ಗಟಾರ ಬಳೀತೀವಿ, ಗಿಡ ನೆಡ್ತೀವಿ (ಬಿಸಿಲಿಗೆ ಅದರಲ್ಲಿ ಅರ್ಧ ಒಣಗ್ತಾವ), ಸರ್ಟಿಫಿಕೇಟ್ ತಗೊಂಡು ಬರ್ತೀವಿ. ಈ ಸಲ ಆ ಶಿಬಿರ ಕನ್ನಡ ಮಾತಾಡೋ ಒಂದು ಊರಿಗೆ ಬರಲಿ ಅಂತ ಕೇಳ್ರಿ. ಗಟಾರನೂ ಬಳೀರಿ. ಅದರ ಜೋಡಿ ಎರಡು ಕೆಲಸ ಮಾಡ್ರಿ.

ಮೊದಲನೇದು, ಎಣಿಕೆ. ಹೆಂಗೂ ಶಿಬಿರದಲ್ಲಿ ಮನೆ ಮನೆ ಸರ್ವೆ ಇರ್ತದ. ಶೌಚಾಲಯ ಅದನೋ ಇಲ್ಲೋ, ದನ ಎಷ್ಟು ಅಂತ ಕೇಳೋ ಹಾಳೆಯಲ್ಲಿ ಇನ್ನೊಂದು ಸಾಲು ಹಾಕ್ರಿ: ಮನೆಮಾತು ಯಾವುದು, ಅದನ್ನು ಆಡೋ ಮಕ್ಕಳು ಯಾವ ತರಗತಿಯಲ್ಲಿದ್ದಾರೆ? ಯಾಕಂದ್ರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳ್ತದ. ಅದಕ್ಕೂ ಮುಂಚೆ, 1949ರಲ್ಲೇ, ಪ್ರಾಂತಗಳ ಶಿಕ್ಷಣ ಸಚಿವರು ಒಪ್ಪಿದ ಸೂತ್ರ ಒಂದದ. ತರಗತಿಯಲ್ಲಿ 10 ಮಕ್ಕಳು, ಇಲ್ಲಾಂದ್ರ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. ನಾವು ಮನವಿ ಕೊಡಲಿಕ್ಕೆ ಹೋದಾಗ "ನಿಮ್ಮ ಮಕ್ಕಳು ಎಷ್ಟು ಮಂದಿ?" ಅಂತಾರ. "ಬಹಳ ಮಂದಿ ಸರ್" ಅಂತೀವಿ. ಬಹಳ ಅನ್ನೋದು ಲೆಕ್ಕ ಅಲ್ಲ. ಊರಿನ ಹೆಸರು, ಶಾಲೆಯ ಹೆಸರು, ತರಗತಿ, ಸಂಖ್ಯೆ ಇರೋ ಒಂದು ಹಾಳೆ ಕೈಯಾಗ ಇದ್ರ ಮಾತಿನ ತೂಕನೇ ಬ್ಯಾರೆ. ಜನಗಣತಿಯವರು ಬಂದಾಗ ಮಾತೃಭಾಷೆ ಏನು ಬರೆಸಬೇಕು ಅನ್ನೋದನ್ನೂ ಅದೇ ಹೊತ್ತಿಗೆ ಮನೆಯವರಿಗೆ ತಿಳಿಸಬಹುದು.

ಎರಡನೇದು, ಸಂಜೆ ಒಂದು ತಾಸು ಲಿಪಿ ಪಾಠ. ತೆಲುಗು ಓದಲಿಕ್ಕೆ ಬರೋರಿಗೆ ಕನ್ನಡ ಓದೋದು ಏಳು ಸಂಜೆಯ ಕೆಲಸ. ಎರಡೂ ಒಂದೇ ಹಳೆಯ ಲಿಪಿಯ ಕವಲುಗಳು. ಅ, ಆ, ಗ, ಡ, ನ, ಬ, ರ, ಲ ನೋಡಿದ ಕೂಡಲೇ ಗುರುತು ಹತ್ತಾವ. ತೆಲುಗಿನ ತಲೆಕಟ್ಟು ಮೇಲೆ ಟಿಕ್ ಹಾಕಿದಂಗ ಇರ್ತದ, ನಮ್ಮದು ಅಡ್ಡಗೆರೆ. ಕ, ತ, ಶ ಮೂರನ್ನೂ ಹೊಸದಾಗಿ ಕಲೀಬೇಕು. ಎಡವೋದು ಎಲ್ಲಿ ಅಂದ್ರ, ನಗಬ್ಯಾಡ್ರಿ, "ಕರ್ನಾಟಕ" ಅನ್ನೋ ಪದದಲ್ಲೇ. ತೆಲುಗಿನಲ್ಲಿ ರ ಬರೆದು ಕೆಳಗೆ ಣ ಒತ್ತು ಕೊಡ್ತಾರ. ನಮ್ಮಲ್ಲಿ ನಾ ಮುಂದೆ, ಅರ್ಕಾವೊತ್ತು ಅದರ ಹಿಂದೆ, ಆದ್ರ ಓದುವಾಗ ರ್ ಮೊದಲು. ಈ ಒಂದಕ್ಕೆ ಒಂದು ಸಂಜೆ ಪೂರ್ತಿ ಇಟ್ಕೊಳ್ರಿ. ಪಾಠಕ್ಕೆ ತೆಲುಗು ಗೆಳೆಯರನ್ನೂ ಕೂಡಿಸ್ರಿ, ನಮ್ಮ ಜಗಳ ತೆಲುಗಿನ ಜೋಡಿ ಅಲ್ಲ. ಅದು ನಮಗೆ ಅನ್ನ ಕೊಡೋ ಭಾಷೆ, ಚಲೋ ಕಲೀಬೇಕು. ಯುಗಾದಿಯಂತೂ ಇಬ್ಬರಿಗೂ ಒಂದೇ ದಿನ. ಅವರ ಪಚ್ಚಡಿ ಪಕ್ಕ ನಮ್ಮ ಬೇವು-ಬೆಲ್ಲ ಇಡೋಣ, ಕರಪತ್ರ ಎರಡೂ ಲಿಪಿಯಲ್ಲಿ ಬರೆಯೋಣ.

ಏಳನೇ ದಿನ ಸಮಾರೋಪಕ್ಕೆ ಅತಿಥಿ, ಹಾರ, ಶಾಲು ಇರಲಿ. ಆದ್ರ ಸ್ವಾಗತ ಮಾತ್ರ ಆ ವಾರ ಅಕ್ಷರ ಕಲಿತ ಒಬ್ಬ ಹುಡುಗಿ ಕನ್ನಡ ಚೀಟಿ ನೋಡಿ ಓದಲಿ. ತಡವರಿಸಿದರೂ ನಡೀತದ. ಅವಳ ಅವ್ವ ಮುಂದಿನ ಸಾಲಿನಲ್ಲಿ ಕೂತಿರಬೇಕು.

ಶಿಬಿರಕ್ಕೆ ಊರು ಆರಿಸೋದು ಯಾವಾಗ ಅಂತ ನಾಳೆನೇ ನಿಮ್ಮ ಪ್ರೋಗ್ರಾಂ ಆಫೀಸರ್ ಸರ್‌ನ, ಮೇಡಮ್‌ನ ಕೇಳ್ರಿ. ಊರಿನ ಹೆಸರು ಕಳಿಸ್ರಿ. ಸರ್ವೆ ಹಾಳೆ, ಅಕ್ಷರಮಾಲೆಯ ಪಟ, ಬಳಪ ನಾವು ತರ್ತೀವಿ.