ಮೊಮ್ಮಗನಿಗೂ ವೀಸಾ

“ನಮ್ಮ ಮೊಮ್ಮಗ ನಮ್ಮ ಮನೆಗೆ ಬರಲಿಕ್ಕೆ ಸರಕಾರದ ಅಪ್ಪಣೆ ಯಾತಕ್ಕೆ?” ಎಂದು ನಮ್ಮ ಡಂಬಳದ ಹಿರಿಯರು ಕೇಳುವುದುಂಟು. ಕೂಸು ಅಮೇರಿಕೆಯಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟು ಪಡೆದಿದ್ದರೆ, ದೊಡ್ಡಬಸಪ್ಪನ ಗುಡಿ ನೋಡಬಂದ ಪರದೇಶದವರಂತೆ ಅದಕ್ಕೂ ವೀಸಾ ಬೇಕು. ಅಲ್ಲಿಯ ಪೌರನಾದ ಮಗನದೂ ಅದೇ ಪಾಡು. 1955ರ ಪೌರತ್ವ ಕಾಯಿದೆ ಎರಡು ದೋಣಿಯಲ್ಲಿ ಕಾಲಿಡಗೊಡದು.

ವೀಸಾ ಲ್ಯಾಟಿನ್ ಮೂಲದ ಶಬ್ದ, ‘ನೋಡಲಾದದ್ದು’ ಎಂದರ್ಥ. ಬಂಧುಗಳ ಭೇಟಿಗೆ ಪ್ರವಾಸಿ ವೀಸಾ ಸಾಕು. 2014ರಿಂದ ಅನೇಕ ದೇಶದವರು ಅದನ್ನು ಅಂತರ್ಜಾಲದಲ್ಲಿಯೇ ಕೇಳಬಹುದು. ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಆಯುಷ್ಯವಿರಬೇಕು. ಕೂಸಿಗೂ ಬೇರೆ ಅರ್ಜಿ.

ತೊಡಕೆಲ್ಲ ಹೆಸರಿನಲ್ಲಿ. ನಮ್ಮ ಅಡ್ಡಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅಜ್ಜಿ ಕರೆಯುವ ಹೆಸರು ಎಷ್ಟು ಮುದ್ದಾಗಿದ್ದರೂ ಅರ್ಜಿಯಲ್ಲಿ ಬೇಡ. ಪಾಸ್‌ಪೋರ್ಟಿನಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಬರೆಯಿರಿ. ಕಾಗುಣಿತ ತಪ್ಪಿದರೆ ನನ್ನಂಥ ಮಾಸ್ತರ ಒಂದು ಅಂಕ ಕಳೆದಾನು. ಇಲ್ಲಿ ವಿಮಾನವೇ ತಪ್ಪೀತು. ಅರ್ಜಿಯನ್ನು ಸರಕಾರದ ತಾಣದಲ್ಲಿಯೇ ಹಾಕಿರಿ. ಅದರ ವೇಷ ತೊಟ್ಟ ದಲ್ಲಾಳಿ ತಾಣಗಳೂ ಇವೆ, ಮತ್ತು ಕೊಟ್ಟ ಶುಲ್ಕ ಮರಳಿ ಬಾರದು.

30 ದಿನದ ಇ-ವೀಸಾದ ಅವಧಿಯನ್ನು ತೇರಿನ ತನಕ ಎಂದು ಬೆಳೆಸಲು ಬಾರದು; ಒಂದು ವರ್ಷದ್ದು, ಐದು ವರ್ಷದ್ದು ಬೇರೆ ಉಂಟು. ಬಂದವರನ್ನು ಮನೆಯಲ್ಲಿ ಇಳಿಸಿಕೊಂಡರೆ 24 ಗಂಟೆಯೊಳಗೆ ನಿಗದಿತ ನಮೂನೆ ತುಂಬಿ ಕಳಿಸಬೇಕು. ಈ ನಿಯಮ ಹೋಟೆಲಿಗೆ ಮಾತ್ರವಲ್ಲ, ಮನೆಗೂ ಇದೆ.

ಇ-ವೀಸಾಕ್ಕೆ ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಬೇಕು. ತಾಯಿಗೆ ಉಸಿರು ಕಟ್ಟುತ್ತಿದೆಯೆಂದು ರಾತ್ರಿ ಸುದ್ದಿ ಹೋದರೆ ಆ ನಾಲ್ಕು ದಿನ ಎಲ್ಲಿಂದ ತರುವುದು? ಆದ್ದರಿಂದ ನಿಮ್ಮ ಮಕ್ಕಳು ಪರದೇಶದ ಪೌರರಾಗಿದ್ದರೆ ಓ.ಸಿ.ಐ. ಕಾರ್ಡು ಈಗಲೇ ಮಾಡಿಸಿಕೊಳ್ಳಲು ಹೇಳಿರಿ. ಅದು ಜೀವಮಾನದ ವೀಸಾ; ಕೈಯಲ್ಲಿದ್ದರೆ ಆ ರಾತ್ರಿಯೇ ಹೊರಡಬಹುದು.